ಲ್ಯಾಬಿನಲ್ಲಿ ತಯಾರಿಸಿ ಗಿಡದ ಮೇಲೆ ಪರೀಕ್ಷಿಸಲು ಯಾವ ಹಾರ್ಮೋನು? ಪ್ರಾಜೆಕ್ಟ್ ಆರಿಸುವವರಿಗೊಂದು ಹೋಲಿಕೆ

ಡಿಸೆಂಬರ್ ಬಂದರೆ ಈ ಪ್ರಶ್ನೆ ಶುರು. "ಸರ್, ಆಕ್ಸಿನ್ ಮಾಡೋಣ್ರೀ, ಇಲ್ಲಾ ಸೈಟೊಕೈನಿನ್ ಮಾಡೋಣ್ರೀ?" ಎರಡೂ ಗಿಡದ ಬೆಳವಣಿಗೆ ನಡೆಸುವ ಹಾರ್ಮೋನುಗಳು: ಆಕ್ಸಿನ್ ಬೇರು ಬಿಡಿಸುವಂಥದ್ದು, ಸೈಟೊಕೈನಿನ್ ಜೀವಕೋಶ ವಿಭಜನೆ ಮಾಡಿಸುವಂಥದ್ದು. ಕೇಳುವವರು ಇಳಕಲ್, ಮುಧೋಳ, ಅಥಣಿ, ಇಂಡಿ ಕಡೆಯ ಬಿಎಸ್ಸಿ ಕೊನೆಯ ವರ್ಷದವರು. ಬೆಳಗಾವಿ, ವಿಜಯಪುರದ ಎಂಎಸ್ಸಿಯವರೂ ಇದ್ದಾರೆ. ಸಾಮಾನ್ಯವಾಗಿ ಇಬ್ಬರ ಜೋಡಿ. ಒಬ್ಬರದು ಕೆಮಿಸ್ಟ್ರಿ, ಇನ್ನೊಬ್ಬರದು ಬಾಟನಿ. ಏನನ್ನಾದರೂ ಲ್ಯಾಬಿನಲ್ಲಿ ತಯಾರಿಸಬೇಕು, ಅದು ಗಿಡಕ್ಕೆ ಏನು ಮಾಡುತ್ತದೆ ಅಂತ ನೋಡಬೇಕು.

ಆಸೆ ಒಳ್ಳೆಯದೇ. ನಮ್ಮ ಕಡೆಯವರಿಗೆ ಇದು ದೂರದ ವಿಷಯವೂ ಅಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಜಿಎ ಡಿಪ್ಪಿಂಗ್, ಅಂದರೆ ಗೊಂಚಲನ್ನು ಜಿಬ್ಬರೆಲಿನ್ ಹಾರ್ಮೋನಿನ ದ್ರಾವಣದಲ್ಲಿ ಅದ್ದುವುದು, ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಬಾಗಲಕೋಟೆಯ ದಾಳಿಂಬೆ ತೋಟದವರು ಬಹಾರ್‌ಗೆ (ಹೂ ಬಿಡಿಸುವ ಹಂಗಾಮಿಗೆ) ಮುಂಚೆ ಎಲೆ ಉದುರಿಸಲು ಎಥೆಫಾನ್ ಹೊಡೆಯುತ್ತಾರೆ, ಅದು ಗಿಡದಲ್ಲಿ ಎಥಿಲೀನ್ ಹಾರ್ಮೋನು ಬಿಡುತ್ತದೆ. ಬೆಳಗಾವಿಯ ಕಬ್ಬಿನ ಹೊಲದಲ್ಲಿ ಕಳೆ ಸಾಯಿಸಲು 2,4-ಡಿ ಅನ್ನುವ ಕೃತಕ ಆಕ್ಸಿನ್ ಬಳಸುತ್ತಾರೆ. ಮೂರೂ ಹಾರ್ಮೋನಿನ ಕೆಲಸವೇ.

ತೊಂದರೆ ಇರುವುದು ಆರಿಸುವ ರೀತಿಯಲ್ಲಿ. ಹೆಚ್ಚಿನವರು ಮೊದಲು ಅಣುವಿನ ಹೆಸರು ಹಿಡಿಯುತ್ತಾರೆ. ಹೆಸರು ಉದ್ದ ಇದ್ದಷ್ಟೂ ಖುಷಿ. ಗಿಡದ ಪರೀಕ್ಷೆ ಯಾವುದು ಅಂತ ಮಾರ್ಚ್‌ನಲ್ಲಿ ಯೋಚಿಸುತ್ತಾರೆ. ನಾನು ಹೇಳುವುದು ಇದರ ತಿರುವುಮುರುವು. ಮೊದಲು ಪರೀಕ್ಷೆ ಆರಿಸಿ, ಆಮೇಲೆ ಅಣು. ಕೆಳಗಿನ ಆಯ್ಕೆಗಳಲ್ಲಿ ತಯಾರಿಕೆ ಬಹುತೇಕ ಒಂದೆರಡು ವಾರದ ಕೆಲಸ. ಉಳಿದ ಸಮಯವನ್ನೆಲ್ಲ ತಿನ್ನುವುದು ಗಿಡ.

ಏನೇನು ನೋಡಿ ಆರಿಸಬೇಕು

ಗಿಡದ ಉತ್ತರ ಎಷ್ಟು ದಿನಕ್ಕೆ ಬರುತ್ತದೆ ಅನ್ನುವುದು ಎಲ್ಲಕ್ಕಿಂತ ದೊಡ್ಡ ಅಳತೆ. ಪೆಟ್ರಿ ಡಿಶ್‌ನಲ್ಲಿ ಮೆಂತ್ಯದ ಬೇರು ಮೂರು ದಿನಕ್ಕೆ ಅಳೆಯಲು ಸಿಗುತ್ತದೆ. ದ್ರಾಕ್ಷಿ ಕಡ್ಡಿ ಬೇರು ಬಿಡಲು ಒಂದು, ಒಂದೂವರೆ ತಿಂಗಳು ಬೇಕು. ಸೆಮಿಸ್ಟರ್ ಹದಿನಾರು ವಾರ ಅಂತ ಹಾಳೆಯ ಮೇಲೆ ಇರುತ್ತದೆ. ಇಂಟರ್ನಲ್ಸ್, ಜಾತ್ರೆ, ಮನೆಯ ಮದುವೆ ಕಳೆದರೆ ಕೈಗೆ ಸಿಗುವುದು ಹತ್ತು. ಒಂದು ಪರೀಕ್ಷೆಯನ್ನು ಬೇರೆ ಬೇರೆ ದಿನ ಕನಿಷ್ಠ ಮೂರು ಸಲ ಮಾಡಬೇಕು. ಅಷ್ಟಕ್ಕೆ ಸಮಯ ಇಲ್ಲ ಅಂದರೆ ಆ ವಿಷಯ ನಿಮಗಲ್ಲ.

ಆಮೇಲೆ, ನಿಮ್ಮ ಅಣುವಿಗೆ ಒಂದು ಮಂಕು ಅಣ್ಣತಮ್ಮ ಇದೆಯೇ ನೋಡಿ. ಅಂದರೆ ರಚನೆಯಲ್ಲಿ ಬಹುತೇಕ ಹಾಗೇ ಇದ್ದು, ಹಾರ್ಮೋನಿನ ಕೆಲಸ ಮಾಡದ ಅಥವಾ ಕಡಿಮೆ ಮಾಡುವ ಇನ್ನೊಂದು ಅಣು. ಎರಡನ್ನೂ ತಯಾರಿಸಿ ಪಕ್ಕಪಕ್ಕ ಇಟ್ಟರೆ ಮಾತ್ರ ಕೆಮಿಸ್ಟ್ರಿಗೂ ಬಾಟನಿಗೂ ನಿಜವಾದ ಕೊಂಡಿ ಬೀಳುತ್ತದೆ. ಒಂದೇ ಅಣು ಮಾಡಿ "ಬೇರು ಗಿಡ್ಡ ಆಯ್ತು" ಅಂತ ಬರೆದರೆ ಉಪ್ಪು ಹಾಕಿದರೂ ಗಿಡ್ಡ ಆಗುತ್ತಿತ್ತಲ್ವಾ ಅಂತ ವೈವಾದಲ್ಲಿ ಕೇಳುತ್ತಾರೆ. ಉತ್ತರ ಇರುವುದಿಲ್ಲ.

ಶುದ್ಧತೆ ನೋಡುವುದು ಹೇಗೆ? ತಾಲೂಕು ಕಾಲೇಜಿನಲ್ಲಿ ಸಿಗುವುದು ಕರಗುವ ಬಿಂದು ನೋಡುವ ಉಪಕರಣ ಮತ್ತು ಟಿಎಲ್‌ಸಿ ಪ್ಲೇಟು (ಮಿಶ್ರಣದ ವಸ್ತುಗಳನ್ನು ಬೇರೆ ಬೇರೆ ಚುಕ್ಕೆಯಾಗಿ ತೋರಿಸುವ ತೆಳು ಪದರದ ಪ್ಲೇಟು). ಅಣುವಿನ ರಚನೆ ತೋರಿಸುವ ಐಆರ್, ಎನ್‌ಎಂಆರ್ ಪರೀಕ್ಷೆ ಬೇಕಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರದಂಥ ಕಡೆಗೆ ಸ್ಯಾಂಪಲ್ ಕಳಿಸಬೇಕು. ಅದಕ್ಕೆ ದುಡ್ಡು, ಕಾಯುವ ಸಮಯ ಎರಡೂ ಬೇಕು. ಹಾಗಾಗಿ ಗಟ್ಟಿ ಹರಳಾಗಿ ಬರುವ, ಕರಗುವ ಬಿಂದು ಚೊಕ್ಕ ಇರುವ ವಸ್ತುವಿಗೆ ನನ್ನ ಮೊದಲ ಮತ.

ನೀರಿನಲ್ಲಿ ಕರಗುತ್ತದೆಯೇ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಕರಗದಿದ್ದರೆ ಡಿಎಂಎಸ್‌ಒ ಅಥವಾ ಆಲ್ಕೋಹಾಲ್‌ನಂಥ ದ್ರಾವಕ ಬೇಕು. ಆಗ ಅದೇ ಪ್ರಮಾಣದ ದ್ರಾವಕ ಮಾತ್ರ ಹಾಕಿದ ಇನ್ನೊಂದು ಡಿಶ್ ಇಡಲೇಬೇಕು. ನೀರೂ ಅಷ್ಟೇ ಮುಖ್ಯ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ. ಕೆಳಗೆ ಬರುವ ಆಮ್ಲಗಳಲ್ಲಿ ಕೆಲವು ಅದರ ಜೊತೆ ಸೇರಿ ಸರಿಯಾಗಿ ಕರಗದ ಲವಣ ಆಗಬಹುದು. ಡಿಸ್ಟಿಲ್ಡ್ ವಾಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಕೊನೆಗೆ ಅಪಾಯ. ಫ್ಯೂಮ್ ಹುಡ್ ಇದೆ ಅನ್ನುವುದು ಬೇರೆ, ಅದರ ಫ್ಯಾನ್ ತಿರುಗುತ್ತದೆ ಅನ್ನುವುದು ಬೇರೆ. ಬೇಸಿಗೆಯ ಲೆಕ್ಕವೂ ಇದೆ. ಡೈಈಥೈಲ್ ಈಥರ್ ಕುದಿಯುವುದು 34.6 ಡಿಗ್ರಿಗೆ. ಏಪ್ರಿಲ್‌ನ ವಿಜಯಪುರದಲ್ಲಿ ಲ್ಯಾಬಿನ ಒಳಗೇ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ಹೊರಗೆಳೆಯಲು ಈಥೈಲ್ ಅಸಿಟೇಟ್ ಬಳಸಿ.

ಆಕ್ಸಿನ್ ಕುಟುಂಬ: ನ್ಯಾಫ್ಥಾಕ್ಸಿ ಅಸಿಟಿಕ್ ಆಮ್ಲಗಳು

ನನಗೆ ಯಾರಾದರೂ ಒಂದೇ ಹೆಸರು ಹೇಳಿ ಅಂದರೆ ಇದನ್ನೇ ಹೇಳುತ್ತೇನೆ. ಬೀಟಾ-ನ್ಯಾಫ್ಥಾಲ್ ಯಾವ ಕಾಲೇಜಿನಲ್ಲೂ ಇರುತ್ತದೆ, ಡೈ ಟೆಸ್ಟಿಗೆ ಬಳಸುವುದೇ ಅದು. ಅದನ್ನು ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿ, ಕ್ಲೋರೋಅಸಿಟಿಕ್ ಆಮ್ಲದ ಜೊತೆ ನೀರಿನಲ್ಲೇ ಒಂದೆರಡು ಗಂಟೆ ರಿಫ್ಲಕ್ಸ್ ಮಾಡಿದರೆ (ಆವಿ ತಣಿದು ಮತ್ತೆ ಫ್ಲಾಸ್ಕಿಗೇ ಬೀಳುವಂತೆ ಕುದಿಸಿದರೆ) 2-ನ್ಯಾಫ್ಥಾಕ್ಸಿ ಅಸಿಟಿಕ್ ಆಮ್ಲ ಸಿಗುತ್ತದೆ. ಪಠ್ಯದಲ್ಲಿ ಓದಿದ ವಿಲಿಯಮ್ಸನ್ ಈಥರ್ ಸಂಶ್ಲೇಷಣೆಯೇ ಇದು. 1.44 ಗ್ರಾಂ ನ್ಯಾಫ್ಥಾಲ್ ಅಂದರೆ 10 ಮಿಲಿಮೋಲ್. ಅದಕ್ಕೆ 0.95 ಗ್ರಾಂ ಕ್ಲೋರೋಅಸಿಟಿಕ್ ಆಮ್ಲ ಸಮ. ಸ್ವಲ್ಪ ಜಾಸ್ತಿ ಹಾಕುವುದು ವಾಡಿಕೆ, ಏಕೆಂದರೆ ಅದರಲ್ಲಿ ಒಂದು ಪಾಲು ಕ್ಷಾರದ ಜೊತೆ ಸೇರಿ ಗ್ಲೈಕಾಲಿಕ್ ಆಮ್ಲವಾಗಿ ವ್ಯರ್ಥ ಆಗುತ್ತದೆ. ಕ್ಷಾರ ಎರಡು ಪಾಲಿಗಿಂತ ಕಡಿಮೆ ಆಗಬಾರದು. ಒಂದು ಪಾಲು ನ್ಯಾಫ್ಥಾಲಿಗೆ, ಇನ್ನೊಂದು ಆಮ್ಲಕ್ಕೆ.

ತಣ್ಣಗಾದ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಬಿಳಿ ಗಸಿ ಕೂರುತ್ತದೆ. ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ನಿಲ್ಲಿಸಬೇಡಿ. ಆ ಗಸಿಯಲ್ಲಿ ಪ್ರತಿಕ್ರಿಯೆಗೆ ಒಳಗಾಗದ ನ್ಯಾಫ್ಥಾಲ್ ಇರುತ್ತದೆ. ಅದು ತಾನೇ ಬೇರಿಗೆ ವಿಷ. ಗಸಿಯನ್ನು ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಲ್ಲಿ ಕಲಕಿ. ನಮ್ಮ ಆಮ್ಲ ಕರಗುತ್ತದೆ, ನ್ಯಾಫ್ಥಾಲ್ ಕರಗುವುದಿಲ್ಲ. ಸೋಸಿ, ಮತ್ತೆ ಆಮ್ಲ ಹಾಕಿ, ಬಿಸಿ ನೀರು-ಆಲ್ಕೋಹಾಲ್ ಮಿಶ್ರಣದಿಂದ ಹರಳು ಮಾಡಿಸಿ. ಸುಮಾರು 155 ಡಿಗ್ರಿಗೆ ಚೊಕ್ಕವಾಗಿ ಕರಗಿದರೆ ಗಿಡದ ಹತ್ತಿರ ಹೋಗಬಹುದು. ಬೀಟಾ-ನ್ಯಾಫ್ಥಾಲ್ ಕರಗುವುದು 122ರ ಹತ್ತಿರ. ಹಾಗಾಗಿ ಕಲಬೆರಕೆ ಇದ್ದರೆ ಕ್ಯಾಪಿಲರಿಯಲ್ಲೇ ಗೊತ್ತಾಗುತ್ತದೆ.

ಇದರ ಮಂಕು ಜೋಡಿ ಹುಡುಕಲು ದೂರ ಹೋಗಬೇಕಿಲ್ಲ. ಬೀಟಾ ಬದಲು ಆಲ್ಫಾ-ನ್ಯಾಫ್ಥಾಲ್ ಹಾಕಿ ಅದೇ ಕೆಲಸ ಮಾಡಿ. 1-ನ್ಯಾಫ್ಥಾಕ್ಸಿ ಅಸಿಟಿಕ್ ಆಮ್ಲ ಸಿಗುತ್ತದೆ, ಕರಗುವುದು 190 ದಾಟಿದ ಮೇಲೆ. ಎರಡರ ಅಣುಸೂತ್ರ ಒಂದೇ, ಅಣುತೂಕ ಒಂದೇ, 202.2. ಕೊಂಡಿ ಬಿದ್ದ ಜಾಗ ಮಾತ್ರ ಬೇರೆ. 2-ರದ್ದು ಆಕ್ಸಿನ್ ಹಾಗೆ ಕೆಲಸ ಮಾಡುತ್ತದೆ. 1-ರದ್ದು ಆಕ್ಸಿನ್ ಆಗಿ ಬಹಳ ದುರ್ಬಲ. ಅದು ಹೆಸರಾಗಿರುವುದು ಆಕ್ಸಿನ್ ಜೀವಕೋಶದೊಳಗೆ ಹೋಗುವುದನ್ನು ತಡೆಯುವ ವಸ್ತುವಾಗಿ. ಒಂದು ಇಂಗಾಲದಷ್ಟು ಪಕ್ಕಕ್ಕೆ ಸರಿದರೆ ಗಿಡ ಬೇರೆ ಉತ್ತರ ಕೊಡುತ್ತದೆಯೇ? ಇದಕ್ಕಿಂತ ಚೆಂದದ ಪ್ರಶ್ನೆ ಬಿಎಸ್ಸಿ ಮಟ್ಟದಲ್ಲಿ ನನಗೆ ಕಂಡಿಲ್ಲ. ಆಲ್ಫಾ-ನ್ಯಾಫ್ಥಾಲ್ ಮಾತ್ರ ಗಾಳಿಗೆ ಕಪ್ಪಾಗುತ್ತದೆ. ಹಳೆಯ ಬಾಟಲಿ ಇದ್ದರೆ ಮೊದಲು ಶುದ್ಧ ಮಾಡಿಕೊಳ್ಳಿ.

ಗಿಡದ ಕಡೆ ಎರಡು ಪರೀಕ್ಷೆ ಸಾಕು. ಮೊದಲನೆಯದು ಮೆಂತ್ಯ ಅಥವಾ ಸಾಸಿವೆಯ ಬೇರಿನ ಉದ್ದ. 0.1ರಿಂದ 100 ಮೈಕ್ರೋಮೋಲಾರ್‌ವರೆಗೆ ಹತ್ತು ಪಟ್ಟಿನ ಮೆಟ್ಟಿಲು ಮಾಡಿ. ಡಿಶ್‌ಗೆ ಇಪ್ಪತ್ತು ಬೀಜ, ಪ್ರತಿ ಮೆಟ್ಟಿಲಿಗೆ ಮೂರು ಡಿಶ್, ಕತ್ತಲೆಯಲ್ಲಿ 72 ಗಂಟೆ. ಸ್ಕೇಲ್ ಪಕ್ಕದಲ್ಲಿಟ್ಟು ಮೊಬೈಲ್‌ನಲ್ಲಿ ಫೋಟೋ ತೆಗೆದು, ಇಮೇಜ್‌ಜೆ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಅಳೆಯಿರಿ. ಎರಡನೆಯದು ಹೆಸರುಕಾಳಿನ ಸಸಿ ಕತ್ತರಿಸಿ ಬೇರು ಬಿಡಿಸುವುದು. ಎಂಟು-ಹತ್ತು ದಿನದ ಸಸಿಯ ಬೇರು ಕತ್ತರಿಸಿ ತೆಗೆದು, ಕಾಂಡವನ್ನು ಒಂದು ದಿನ ದ್ರಾವಣದಲ್ಲಿ, ಆಮೇಲೆ ನೀರಿನಲ್ಲಿ ಇಡಿ. ವಾರದೊಳಗೆ ಹೊಸ ಬೇರುಗಳನ್ನು ಎಣಿಸಬಹುದು. ಬೇರಿನ ಉದ್ದ ಕಡಿಮೆ ಆಗುವುದು ವಿಷದಿಂದಲೂ ಆಗಬಹುದು. ಹೊಸ ಬೇರು ಜಾಸ್ತಿ ಬರುವುದು ವಿಷದಿಂದ ಆಗುವುದಿಲ್ಲ. ಅದಕ್ಕೇ ಎರಡೂ ಬೇಕು. ಕಣ್ಣಿಗೂ ವ್ಯತ್ಯಾಸ ಕಾಣುತ್ತದೆ. ಆಕ್ಸಿನ್ ತಿಂದ ಬೇರು ಗಿಡ್ಡ, ದಪ್ಪ, ಪಕ್ಕಬೇರು ಜಾಸ್ತಿ. ವಿಷ ತಿಂದ ಬೇರು ತೆಳ್ಳಗೆ, ತುದಿ ಕಂದು.

ಬೀಜದ ಬಗ್ಗೆ ಒಂದು ಮಾತು. ಬೀಜದ ಅಂಗಡಿಯ ಗುಲಾಬಿ ಬಣ್ಣ ಹಚ್ಚಿದ ಬೀಜ ಬೇಡ, ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಕಿರಾಣಿ ಅಂಗಡಿಯ ಕಾಳು ತಂದು ಮೊದಲು ಮೊಳಕೆ ಎಷ್ಟು ಬರುತ್ತದೆ ನೋಡಿಕೊಳ್ಳಿ.

ಈ ಆಯ್ಕೆಯ ಕೆಟ್ಟ ಭಾಗ ಕ್ಲೋರೋಅಸಿಟಿಕ್ ಆಮ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಚರ್ಮ ಸುಡುವುದಷ್ಟೇ ಅಲ್ಲ, ಚರ್ಮದ ಮೂಲಕ ಮೈಯೊಳಗೆ ಇಳಿದು ಜೀವಕ್ಕೇ ಅಪಾಯ ತರುತ್ತದೆ. ಹರಳು ಕರಗುವುದು 63 ಡಿಗ್ರಿಯ ಹತ್ತಿರ, ತೇವವನ್ನೂ ಎಳೆದುಕೊಳ್ಳುತ್ತದೆ. ಗ್ಲೌಸ್, ಕನ್ನಡಕ ಹಾಕಿಕೊಂಡು ಗೈಡ್ ತೂಗಿ ಕೊಡಬೇಕು, ವಿದ್ಯಾರ್ಥಿ ಅಲ್ಲ. ಅದಕ್ಕೆ ನಿಮ್ಮ ಡಿಪಾರ್ಟ್‌ಮೆಂಟ್ ಒಪ್ಪದಿದ್ದರೆ ಸುಮ್ನೆ ಒತ್ತಾಯ ಮಾಡಬೇಡಿ, ಮುಂದಿನ ಆಯ್ಕೆಗೆ ಹೋಗಿ.

"2,4-ಡಿಯನ್ನೇ ಮಾಡಬಹುದಲ್ವಾ, ಅದೂ ಇದೇ ಪ್ರತಿಕ್ರಿಯೆ" ಅಂತ ಕೇಳುತ್ತಾರೆ. ಪ್ರತಿಕ್ರಿಯೆ ಅದೇ, ಆದರೆ ಬೇಡ. ಅದಕ್ಕೆ ಬೇಕಾದ 2,4-ಡೈಕ್ಲೋರೋಫೀನಾಲ್ ಕರಗಿದ ರೂಪದಲ್ಲಿ ಮೈಮೇಲೆ ಬಿದ್ದು ಸತ್ತವರಿದ್ದಾರೆ. ಇನ್ನು ತಯಾರಾದ ವಸ್ತು. ದ್ರಾಕ್ಷಿ ಮತ್ತು ಹತ್ತಿ 2,4-ಡಿಗೆ ಬಹಳ ಬೇಗ ಸೊರಗುತ್ತವೆ, ಗಾಳಿಯಲ್ಲಿ ತೇಲಿ ಬಂದ ಹನಿಯೂ ಸಾಕು. ಕಾಲೇಜಿನ ಸುತ್ತ ಎರಡೂ ಬೆಳೆ ಇರುವ ಊರುಗಳಲ್ಲಿ ಅದನ್ನು ಸಿಂಕಿಗೆ, ತೋಟಕ್ಕೆ ಚೆಲ್ಲುವ ಮಾತೇ ಬೇಡ. ಹೋಲಿಕೆಗೆ ಬೇಕಿದ್ದರೆ ಶುದ್ಧ ಸ್ಯಾಂಪಲ್ ಕೆಲವು ಮಿಲಿಗ್ರಾಂ ಕೊಂಡು ಡಿಶ್ ಒಳಗೇ ಬಳಸಿ.

ಎಂಎಸ್ಸಿಯವರು ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಹೋಗಬಹುದು. 1947ರಲ್ಲಿ ಸಿನರ್‌ಹೋಮ್ ಮತ್ತು ಜಿಮ್ಮರ್‌ಮನ್ 2,4-ಡಿಯ ಸರಪಳಿಯನ್ನು ಒಂದೊಂದೇ ಇಂಗಾಲ ಉದ್ದ ಮಾಡಿ ನೋಡಿದ್ದರು. ಅಸಿಟಿಕ್ ಕೆಲಸ ಮಾಡಿತು, ಪ್ರೊಪಿಯಾನಿಕ್ ಮಾಡಲಿಲ್ಲ, ಬ್ಯೂಟಿರಿಕ್ ಮತ್ತೆ ಮಾಡಿತು. ಗಿಡ ಸರಪಳಿಯನ್ನು ತುದಿಯಿಂದ ಎರಡೆರಡು ಇಂಗಾಲದಂತೆ ಕತ್ತರಿಸುತ್ತದೆ, ಬೀಟಾ-ಆಕ್ಸಿಡೇಶನ್. ಸಮ ಸಂಖ್ಯೆಯಾದರೆ ಕೊನೆಗೆ ಉಳಿಯುವುದು ಅಸಿಟಿಕ್ ಆಮ್ಲದ ರೂಪ. ಇದನ್ನೇ ನ್ಯಾಫ್ಥಾಕ್ಸಿ ಸರಪಳಿಯಲ್ಲಿ ಮಾಡಿ ನೋಡಿ. ಬ್ಯೂಟಿರಿಕ್‌ಗೆ 4-ಬ್ರೋಮೋಬ್ಯೂಟಿರಿಕ್ ಆಮ್ಲದ ಈಥೈಲ್ ಎಸ್ಟರ್ ಕೊಳ್ಳಬೇಕು, ಒಂದು ಹಂತ ಜಾಸ್ತಿ ಆಗುತ್ತದೆ. ಆದರೆ ಪ್ರಶ್ನೆಯ ತೂಕ ಏರುತ್ತದೆ.

ಸ್ಯಾಲಿಸಿಲಿಕ್ ಆಮ್ಲ: ದುಡ್ಡಿಲ್ಲದವರ ದಾರಿ

ಇದನ್ನು ಹಾರ್ಮೋನು ಅಂತ ಒಪ್ಪಿಕೊಳ್ಳಲು ವಿದ್ಯಾರ್ಥಿಗಳಿಗೆ ಕಷ್ಟ. ಆಸ್ಪಿರಿನ್ ಮಾಡುವ ಮಾಮೂಲಿ ಪುಡಿ ಅಲ್ವಾ ಅದು! ಆದರೆ ರೋಗ ಬಂದಾಗ ಗಿಡ ಎಚ್ಚರಗೊಳ್ಳುವುದರಲ್ಲಿ ಇದರದು ದೊಡ್ಡ ಪಾಲು. 1979ರಲ್ಲಿ ತಂಬಾಕಿನ ಎಲೆಗೆ ಆಸ್ಪಿರಿನ್ ಕೊಟ್ಟಾಗ ಮೊಸಾಯಿಕ್ ವೈರಸ್ ಎದುರು ಅದರ ತಾಳಿಕೆ ಹೆಚ್ಚಾಗಿದ್ದು ಗೊತ್ತಾಯಿತು. ನಿಪ್ಪಾಣಿಯ ಕಡೆಯವರಿಗೆ ತಂಬಾಕು ಅಂದರೆ ಹೇಳಬೇಕಿಲ್ಲ.

ತಯಾರಿಕೆ ಸುಲಭ. ವಿಂಟರ್‌ಗ್ರೀನ್ ಎಣ್ಣೆ ಅಂದರೆ ಮೀಥೈಲ್ ಸ್ಯಾಲಿಸಿಲೇಟ್. ಅದನ್ನು ಕ್ಷಾರದಲ್ಲಿ ಕುದಿಸಿ ಆಮ್ಲ ಹಾಕಿದರೆ ಸ್ಯಾಲಿಸಿಲಿಕ್ ಆಮ್ಲ, 159 ಡಿಗ್ರಿಗೆ ಕರಗುವ ಸೂಜಿ ಹರಳು. ಅಲ್ಲಿಂದ ಆಸ್ಪಿರಿನ್, ಅಥವಾ ಮೆಥನಾಲ್ ಹಾಕಿ ಮತ್ತೆ ಮೀಥೈಲ್ ಎಸ್ಟರ್. ಫೆರಿಕ್ ಕ್ಲೋರೈಡ್ ಹನಿ ಹಾಕಿದರೆ ನೇರಳೆ ಬಣ್ಣ ಬರುತ್ತದೆ, ಆಸ್ಪಿರಿನ್ ಶುದ್ಧ ಇದ್ದರೆ ಬರುವುದಿಲ್ಲ. ಕಪಾಟಿನಲ್ಲಿ ಇರುವ ಸಾಮಾನಿನಲ್ಲೇ ಎಲ್ಲ ಮುಗಿಯುತ್ತದೆ.

ಇದರ ಮಂಕು ಜೋಡಿ 4-ಹೈಡ್ರಾಕ್ಸಿಬೆಂಜೋಯಿಕ್ ಆಮ್ಲ. ಅದೇ ಸೂತ್ರ, ಹೈಡ್ರಾಕ್ಸಿಲ್ ಗುಂಪು ಎದುರು ಮೂಲೆಯಲ್ಲಿ. ಕೊಂಡು ತಂದರೆ ಸಾಕು.

ಗಿಡದ ಪ್ರಶ್ನೆ ನಮ್ಮ ಹೊಲದಲ್ಲೇ ಇದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಕಾಲುವೆ ನೀರು ಹರಿದ ಕಡೆ ಸವಳು-ಜವಳು ಆದ ಭೂಮಿ ಎಷ್ಟಿದೆ ಅಂತ ಬಾಗಲಕೋಟೆ, ಬೆಳಗಾವಿಯವರಿಗೆ ಗೊತ್ತು. ಮಾಲ್ದಂಡಿ ಜೋಳದ ಬೀಜವನ್ನು ಅರ್ಧ ಮಿಲಿಮೋಲಾರ್ ಸ್ಯಾಲಿಸಿಲಿಕ್ ಆಮ್ಲದಲ್ಲಿ ಕೆಲವು ಗಂಟೆ ನೆನೆಸಿ, 100 ಮಿಲಿಮೋಲಾರ್ ಉಪ್ಪುನೀರಿನಲ್ಲಿ ಮೊಳಕೆಗೆ ಇಡಿ. ನೀರಿನಲ್ಲಿ ಮಾತ್ರ ನೆನೆಸಿದ ಬೀಜದ ಜೊತೆ ಹೋಲಿಸಿ. ಒಂದು ಎಚ್ಚರಿಕೆ ಮರೆಯಬೇಡಿ. ಎಲ್ಲ ದ್ರಾವಣಗಳ ಪಿಎಚ್ ಒಂದೇ ಇರಲಿ. ಇಲ್ಲದಿದ್ದರೆ ನೀವು ಅಳೆಯುವುದು ಹುಳಿಯ ಪರಿಣಾಮವನ್ನು, ಹಾರ್ಮೋನನ್ನಲ್ಲ. ಪ್ರಮಾಣ ಜಾಸ್ತಿ ಆದರೆ ಸ್ಯಾಲಿಸಿಲಿಕ್ ಆಮ್ಲವೇ ಮೊಳಕೆಯನ್ನು ತಡೆಯುತ್ತದೆ.

ಲಾಭ: ಅಗ್ಗ, ಅಪಾಯ ಕಡಿಮೆ, ಊರಿಗೆ ಹತ್ತಿರದ ಪ್ರಶ್ನೆ. ನಷ್ಟ: ಕೆಮಿಸ್ಟ್ರಿಯ ಪರೀಕ್ಷಕರು "ಇದು ಮಾಮೂಲಿ ಪ್ರಾಕ್ಟಿಕಲ್" ಅಂತ ಮೂಗು ಮುರಿಯಬಹುದು. ಉಪ್ಪಿನ ಪರೀಕ್ಷೆಯಲ್ಲಿ ಬೀಜದಿಂದ ಬೀಜಕ್ಕೆ ಏರುಪೇರು ಜಾಸ್ತಿ. ಆದ್ದರಿಂದ ಬೀಜದ ಸಂಖ್ಯೆ ಹೆಚ್ಚಿಸಬೇಕು. ಬಾಟನಿ ಗಟ್ಟಿ ಇರುವ ಜೋಡಿಗೆ ಇದು ಚೆನ್ನಾಗಿ ಹೊಂದುತ್ತದೆ.

ಸೈಟೊಕೈನಿನ್: ಕೈನೆಟಿನ್ ಮತ್ತು ಯೂರಿಯಾದ ಬಳಗ

ಇಲ್ಲಿ ಎರಡು ದಾರಿ. ಒಂದು ದುಬಾರಿ ಆದರೆ ನಂಬಿಕೆಯದು. ಇನ್ನೊಂದು ಅಗ್ಗ, ಆದರೆ ಮಂಕು.

ಕೈನೆಟಿನ್ 1955ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸಿಕ್ಕಿದ್ದು, ಮೀನಿನ ವೀರ್ಯದ ಡಿಎನ್‌ಎಯನ್ನು ಬಿಸಿ ಮಾಡಿದಾಗ. ಲ್ಯಾಬಿನಲ್ಲಿ ಅಷ್ಟು ದೂರ ಹೋಗಬೇಕಿಲ್ಲ. 6-ಕ್ಲೋರೋಪ್ಯೂರಿನ್‌ಗೆ ಫರ್‌ಫ್ಯೂರೈಲ್ ಅಮೀನ್ ಮತ್ತು ಟ್ರೈಈಥೈಲ್ ಅಮೀನ್ ಹಾಕಿ ಬ್ಯೂಟನಾಲ್‌ನಲ್ಲಿ ಕೆಲವು ಗಂಟೆ ರಿಫ್ಲಕ್ಸ್ ಮಾಡಿದರೆ ಒಂದೇ ಹಂತದಲ್ಲಿ ಬರುತ್ತದೆ. ಫರ್‌ಫ್ಯೂರೈಲ್ ಬದಲು ಬೆಂಜೈಲ್ ಅಮೀನ್ ಹಾಕಿದರೆ 6-ಬಿಎ (ಬೆಂಜೈಲ್ ಅಡೆನಿನ್), ದ್ರಾಕ್ಷಿ ತೋಟದಲ್ಲೂ ಕೇಳುವ ಹೆಸರು. ತಣ್ಣಗಾದರೆ ಹರಳು ತಾನಾಗಿ ಬೀಳುತ್ತದೆ. ತೊಂದರೆ ಎರಡು. 6-ಕ್ಲೋರೋಪ್ಯೂರಿನ್ ಗ್ರಾಂ ಲೆಕ್ಕದಲ್ಲಿ ಮಾರುವ ವಸ್ತು, ತರಿಸಲು ಕಾಯಬೇಕು. ಕೈನೆಟಿನ್ ಕರಗುವುದು 265 ಡಿಗ್ರಿ ದಾಟಿದ ಮೇಲೆ, ಅದೂ ಕರಗುತ್ತಲೇ ಕೊಳೆಯುತ್ತದೆ. ಕರಗುವ ಬಿಂದು ನೋಡಲು ಬಳಸುವ, ಪ್ಯಾರಾಫಿನ್ ತುಂಬಿದ ಥೀಲೆ ಟ್ಯೂಬಿನಲ್ಲಿ ನೋಡುವಂತಿಲ್ಲ. ಟಿಎಲ್‌ಸಿಯಲ್ಲಿ ಕೊಂಡ ಸ್ಯಾಂಪಲ್ ಪಕ್ಕ ಓಡಿಸಲೇಬೇಕು.

ಕಬ್ಬಿನ ಸಿಪ್ಪೆಯಿಂದ ಫರ್‌ಫ್ಯೂರಾಲ್ ತೆಗೆದು ಅಲ್ಲಿಂದ ಕೈನೆಟಿನ್‌ವರೆಗೆ ಬರುವ ಯೋಚನೆ ಕೆಲವರಿಗಿದೆ. ಸಿಪ್ಪೆಯನ್ನು ಆಮ್ಲದ ಜೊತೆ ಕಾಯಿಸಿದರೆ ಫರ್‌ಫ್ಯೂರಾಲ್ ಸಿಗುವುದು ನಿಜ. ಮುಧೋಳ, ಜಮಖಂಡಿ ಕಡೆ ಸಿಪ್ಪೆಗೆ ಬರವೂ ಇಲ್ಲ. ಕಥೆ ಬಹಳ ಚೆನ್ನಾಗಿದೆ. ಆದರೆ ಒಂದು ಸೆಮಿಸ್ಟರ್‌ನಲ್ಲಿ ಅದು ಎರಡು ಪ್ರಾಜೆಕ್ಟ್. ಒಂದನ್ನು ಮಾಡಿ.

ಅಗ್ಗದ ದಾರಿ ಡೈಫೀನೈಲ್ ಯೂರಿಯಾ. 1955ರಲ್ಲೇ ಎಳನೀರಿನಲ್ಲಿ ಜೀವಕೋಶ ವಿಭಜನೆಗೆ ಕಾರಣವಾದ ಒಂದು ವಸ್ತು ಅಂತ ಇದನ್ನು ವರದಿ ಮಾಡಿದ್ದರು. ಅನಿಲಿನ್ ಹೈಡ್ರೋಕ್ಲೋರೈಡ್ ಮತ್ತು ಯೂರಿಯಾವನ್ನು ನೀರಿನಲ್ಲಿ ರಿಫ್ಲಕ್ಸ್ ಮಾಡಿ. ಕುದಿಯುತ್ತಲೇ ಡೈಫೀನೈಲ್ ಯೂರಿಯಾ ಹರಳಾಗಿ ಬೀಳುತ್ತದೆ. ಬಿಸಿ ಇರುವಾಗಲೇ ಸೋಸಿ, ಸೋಸಿದ ನೀರನ್ನು ತಣ್ಣಗೆ ಮಾಡಿದರೆ ಫೀನೈಲ್ ಯೂರಿಯಾ. ಒಂದೇ ಫ್ಲಾಸ್ಕಿನಿಂದ ಎರಡು ಅಣು: ಒಂದು 147ಕ್ಕೆ ಕರಗುತ್ತದೆ, ಇನ್ನೊಂದು 238ರ ಸುತ್ತ. ಯೂರಿಯಾ ಲ್ಯಾಬಿನದ್ದೇ ಬಳಸಿ. ಗೊಬ್ಬರದ ಚೀಲದ ಯೂರಿಯಾಕ್ಕೆ ಈಗ ಬೇವಿನ ಎಣ್ಣೆಯ ಲೇಪ ಇರುತ್ತದೆ. ಅನಿಲಿನ್ ಚರ್ಮದಿಂದ ಒಳಗೆ ಹೋಗಿ ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನೇ ಕೆಡಿಸುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ದ್ರಾಕ್ಷಿ ಕಾಳು ದಪ್ಪ ಮಾಡಲು ಬಳಸುವ ಸಿಪಿಪಿಯು ಇದೇ ಬಳಗದ ಅಣು. ಡೈಫೀನೈಲ್ ಯೂರಿಯಾದ ಒಂದು ಬೆಂಜೀನ್ ಉಂಗುರದ ಜಾಗದಲ್ಲಿ ಕ್ಲೋರಿನ್ ಇರುವ ಪಿರಿಡಿನ್ ಉಂಗುರ, ಅಷ್ಟೇ. ಆ ಬದಲಾವಣೆಗೆ ಶಕ್ತಿ ಎಷ್ಟೋ ಪಟ್ಟು ಏರುತ್ತದೆ. ಸಿಪಿಪಿಯು ತಯಾರಿಸಲು ಫೀನೈಲ್ ಐಸೋಸಯನೇಟ್ ಬೇಕು, ಅದು ಬಿಎಸ್ಸಿ ಲ್ಯಾಬಿಗೆ ಬೇಡದ ವಿಷ. ಕೊಂಡು ತಂದು ಹೋಲಿಸಿ.

ಪರೀಕ್ಷೆಗೆ ಗೋಧಿ ಎಲೆಯ ತುಂಡುಗಳನ್ನು ಕತ್ತಲೆಯಲ್ಲಿ ನಾಲ್ಕೈದು ದಿನ ದ್ರಾವಣದ ಮೇಲೆ ತೇಲಿಸಿ. ನೀರಿನಲ್ಲಿದ್ದದ್ದು ಹಳದಿ, ಕೈನೆಟಿನ್‌ನಲ್ಲಿದ್ದದ್ದು ಹಸಿರು. 80 ಪರ್ಸೆಂಟ್ ಅಸಿಟೋನ್‌ನಲ್ಲಿ ಹಸಿರನ್ನು ಇಳಿಸಿ 663 ಮತ್ತು 645 ನ್ಯಾನೋಮೀಟರ್‌ನಲ್ಲಿ ಓದಿದರೆ ಅಂಕಿ ಸಿಗುತ್ತದೆ. ಸೌತೆಯ ಬೀಜದಳ ದೊಡ್ಡದಾಗುವುದನ್ನು ತೂಗಿಯೂ ನೋಡಬಹುದು. ಡೈಫೀನೈಲ್ ಯೂರಿಯಾದಲ್ಲಿ ಮಾತ್ರ ಜಾಸ್ತಿ ಹಸಿರು ನಿರೀಕ್ಷಿಸಬೇಡಿ. ಅದು ದುರ್ಬಲ, ಮೇಲಾಗಿ ನೀರಿನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು. "ಪರಿಣಾಮ ಕಾಣಲಿಲ್ಲ" ಅನ್ನುವುದನ್ನೂ ಫಲಿತಾಂಶ ಅಂತ ಒಪ್ಪುವ ಗೈಡ್ ಇದ್ದರೆ ಮಾತ್ರ ಈ ದಾರಿ.

ಐಬಿಎ: ದ್ರಾಕ್ಷಿ ಕಡ್ಡಿ ಇರುವವರಿಗೆ

ಐಬಿಎ ಅಂದರೆ ಇಂಡೋಲ್ ಬ್ಯೂಟಿರಿಕ್ ಆಮ್ಲ, ಕಡ್ಡಿಗೆ ಬೇರು ಬಿಡಿಸಲು ಬಳಸುವ ಆಕ್ಸಿನ್. ಇದನ್ನು ಕಾಲೇಜಿನಲ್ಲಿ ತಯಾರಿಸುವುದಿಲ್ಲ. ಇಂಡೋಲ್, ಬ್ಯೂಟಿರೋಲ್ಯಾಕ್ಟೋನ್, ಕ್ಷಾರವನ್ನು ಮುಚ್ಚಿದ ಪಾತ್ರೆಯಲ್ಲಿ 250 ಡಿಗ್ರಿಗೂ ಮೇಲೆ ಕಾಯಿಸಬೇಕು. ಕೊಂಡು ತಂದು ಅದರ ಮೀಥೈಲ್ ಎಸ್ಟರ್, ಪೊಟ್ಯಾಸಿಯಂ ಲವಣ ಮಾಡಬಹುದು. ಎಸ್ಟರ್ ಮಾಡುವಾಗ ಆಮ್ಲ ಕಡಿಮೆ ಇರಲಿ, ಇಂಡೋಲ್ ಉಂಗುರ ಜೋರು ಆಮ್ಲಕ್ಕೆ ಕೆಂಪಗಾಗಿ ಕೆಡುತ್ತದೆ. ಗಿಡ ಎಸ್ಟರನ್ನು ಒಡೆದು ಆಮ್ಲ ಮಾಡಿಕೊಂಡ ಮೇಲಷ್ಟೇ ಕೆಲಸ. ಹಾಗಾದರೆ ಎಸ್ಟರ್ ತಡವಾಗಿ ಆದರೂ ಹೆಚ್ಚು ದಿನ ಕೆಲಸ ಮಾಡುತ್ತದೆಯೇ? ಇದು ಪ್ರಶ್ನೆ.

ದ್ರಾಕ್ಷಿ ಕಸಿ ಕಟ್ಟಲು ಬೇರುಗಿಡವಾಗಿ ಬಳಸುವ ಡಾಗ್‌ರಿಜ್ ತಳಿಯ ಕಡ್ಡಿ ಬೇರು ಬಿಡಲು ಹಟ ಮಾಡುತ್ತದೆ ಅಂತ ದ್ರಾಕ್ಷಿಯವರಿಗೆ ಗೊತ್ತು. ಅದಕ್ಕೇ ಇದು ಒಳ್ಳೆಯ ಪರೀಕ್ಷೆ. ದಾಳಿಂಬೆ ಕಡ್ಡಿಯೂ ಆಗುತ್ತದೆ, ಗೂಟಿ ಕಟ್ಟುವವರು (ಗಿಡದ ಮೇಲೇ ಕೊಂಬೆಗೆ ಬೇರು ಬಿಡಿಸುವವರು) ಮನೆಯಲ್ಲಿದ್ದರೆ ಇನ್ನೂ ಅನುಕೂಲ. ಆದರೆ ದ್ರಾಕ್ಷಿ ಕಡ್ಡಿ ಚಾಟ್ನಿ (ಬಳ್ಳಿ ಕತ್ತರಿಸುವ) ಸಮಯದಲ್ಲಿ, ಅಂದರೆ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಜನವರಿಯಲ್ಲಿ ಶುರುವಾಗುವ ಪ್ರಾಜೆಕ್ಟಿಗೆ ಅದು ಹೊಂದುವುದಿಲ್ಲ. ಎರಡು ಸೆಮಿಸ್ಟರ್ ಇರುವ ಎಂಎಸ್ಸಿಯವರು, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದಂಥ ಕಡೆ ನೆರಳುಮನೆ ಬಳಸಲು ಅವಕಾಶ ಇರುವವರು ಆರಿಸಲಿ. ಉಳಿದವರು ಇದೇ ಎಸ್ಟರನ್ನು ಹೆಸರುಕಾಳಿನ ಮೇಲೆ ನೋಡಿದರೂ ಆಗುತ್ತದೆ.

ಬಿಟ್ಟುಬಿಡಬಹುದಾದವು, ಮತ್ತು ಒಂದು ದೊಡ್ಡ ಆಸೆ

ಜಿಬ್ಬರೆಲಿನ್ ತಯಾರಿಸುವ ಕನಸು ಬೇಡ. ಜಿಎ-3 ಅನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಲು ಅಮೆರಿಕದ ಹೆಸರಾಂತ ರಸಾಯನಶಾಸ್ತ್ರಜ್ಞ ಕೋರಿಯಂಥವರ ಗುಂಪೇ ಬೇಕಾಯಿತು, 1978ರಲ್ಲಿ. ಮಾರುಕಟ್ಟೆಯ ಜಿಎ ಬರುವುದು ಶಿಲೀಂಧ್ರದಿಂದ. ಎಥಿಲೀನ್ ಮಾಡುವುದು ಸುಲಭ, ಆಲ್ಕೋಹಾಲ್ ಮತ್ತು ಗಂಧಕಾಮ್ಲ ಸಾಕು. ಆದರೆ ಬೆಂಕಿ ಹತ್ತುವ ಅನಿಲ, ಅಳೆಯುವುದು ಕಷ್ಟ. ಕತ್ತಲೆಯಲ್ಲಿ ಬೆಳೆದ ಬಟಾಣಿ ಸಸಿ ಗಿಡ್ಡ, ದಪ್ಪ, ಅಡ್ಡ ಆಗುವುದನ್ನು ತೋರಿಸುವ ಡೆಮೋಗೆ ಚೆನ್ನ. ಪ್ರಾಜೆಕ್ಟಿಗೆ ಅಲ್ಲ.

ಸ್ಟ್ರೈಗೋಲ್ಯಾಕ್ಟೋನ್ ಬಗ್ಗೆ ಕೇಳುವವರು ಈಚೆಗೆ ಜಾಸ್ತಿ. ಕೇಳಬೇಕಾದದ್ದೇ. ಜೋಳ, ಕಬ್ಬಿನ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಕಳೆ ನಮ್ಮ ಭಾಗದ ನಿಜವಾದ ಪೀಡೆ. ಆ ಕಳೆಯ ಬೀಜ ಮೊಳೆಯುವುದು ಬೇರು ಬಿಡುವ ಈ ಅಣುವಿನ ಸುಳಿವು ಸಿಕ್ಕಾಗ. ಮೊದಲ ಅಣು ಸ್ಟ್ರೈಗಾಲ್ ಸಿಕ್ಕಿದ್ದು 1966ರಲ್ಲಿ, ಹತ್ತಿಯ ಬೇರಿನಿಂದ. ಅದೇ ಬಳಗ ಗಿಡದ ಕವಲು ಒಡೆಯುವುದನ್ನು ಹಿಡಿದಿಡುವ ಹಾರ್ಮೋನು ಅಂತ ಗೊತ್ತಾದದ್ದು 2008ರಲ್ಲಿ. ಬೆಳೆ ಇಲ್ಲದಾಗ ನಕಲಿ ಸುಳಿವು ಕೊಟ್ಟು ಕಳೆಯನ್ನು ಮೊಳೆಸಿ ಸಾಯಿಸುವ ಯೋಚನೆಗೆ ಯಾರ ಮನಸ್ಸೂ ಸೋಲುತ್ತದೆ. ಫೀನಾಲ್‌ಗೆ ಬ್ಯೂಟಿನೋಲೈಡ್ ಉಂಗುರ ಜೋಡಿಸಿದ ಸರಳ ನಕಲುಗಳನ್ನು ಜಪಾನಿನವರು ಮಾಡಿದ್ದಾರೆ, ಎಂಎಸ್ಸಿಯ ಗಟ್ಟಿ ವಿದ್ಯಾರ್ಥಿಗೆ ಕೈಗೆಟುಕುವ ಕೆಮಿಸ್ಟ್ರಿ ಅದು. ಕೊಂಡಿ ಕಳಚುವುದು ಪರೀಕ್ಷೆಯಲ್ಲಿ. ಸ್ಟ್ರೈಗಾ ಬೀಜ ಧೂಳಿನಷ್ಟು ಸಣ್ಣದು, ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಚಪ್ಪಲಿಗೆ ಅಂಟಿ ಹೊಸ ಹೊಲಕ್ಕೆ ಹೋದರೆ ಯಾರು ಹೊಣೆ? ಕೃಷಿ ವಿಶ್ವವಿದ್ಯಾಲಯದ ಕಳೆ ವಿಜ್ಞಾನಿಗಳ ಲ್ಯಾಬಿನಲ್ಲಿ, ಅವರ ಕಣ್ಣೆದುರು ಮಾತ್ರ.

ಯಾರು ಯಾವುದನ್ನು ಆರಿಸಬೇಕು

ತಾಲೂಕು ಕಾಲೇಜು, ಒಂದೇ ಸೆಮಿಸ್ಟರ್, ಜವಾಬ್ದಾರಿ ಹೊರುವ ಕೆಮಿಸ್ಟ್ರಿ ಗೈಡ್ ಇದ್ದಾರೆ: ಎರಡು ನ್ಯಾಫ್ಥಾಕ್ಸಿ ಆಮ್ಲಗಳು. ಗೈಡ್ ಕ್ಲೋರೋಅಸಿಟಿಕ್ ಆಮ್ಲಕ್ಕೆ ಹಿಂಜರಿದರೆ, ಅಥವಾ ಖರ್ಚಿಗೆ ಏನೂ ಇಲ್ಲದಿದ್ದರೆ ಸ್ಯಾಲಿಸಿಲಿಕ್ ಆಮ್ಲ ಮತ್ತು ಉಪ್ಪಿನ ಪರೀಕ್ಷೆ. ಪುಸ್ತಕದಲ್ಲಿ ಇರುವಂಥ ನಂಬಿಕೆಯ ಉತ್ತರ ಬೇಕು, ದುಡ್ಡೂ ಇದೆ, ಸ್ಪೆಕ್ಟ್ರೋಫೋಟೋಮೀಟರ್ ಕೆಲಸ ಮಾಡುತ್ತಿದೆ ಅಂದರೆ ಕೈನೆಟಿನ್, 6-ಬಿಎ ಪಕ್ಕಪಕ್ಕ. ತೋಟದ ಮನೆಯ ಮಕ್ಕಳು, ಎಂಎಸ್ಸಿ, ಒಂದು ವರ್ಷ ಕೈಯಲ್ಲಿದೆ: ಐಬಿಎ ಎಸ್ಟರ್. ಪಿಎಚ್‌ಡಿಗೆ ಹೋಗುವ ಮನಸ್ಸಿದ್ದವರು ನ್ಯಾಫ್ಥಾಕ್ಸಿ ಸರಪಳಿ ಉದ್ದ ಮಾಡುವ ಕೆಲಸ ಹಿಡಿಯಿರಿ. ಸಂದರ್ಶನದಲ್ಲಿ ಮಾತಾಡಲು ಅದರಲ್ಲಿ ಸರಕು ಜಾಸ್ತಿ.

ಊರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಳಗಾವಿಯವರಿಗೆ ಮಾರ್ಚ್ ಕೊನೆಯವರೆಗೂ ಡಿಶ್ ಇಡಲು ತೊಂದರೆ ಇಲ್ಲ. ವಿಜಯಪುರ, ಬಾಗಲಕೋಟೆಯವರು ಗಿಡದ ಕೆಲಸವನ್ನು ಫೆಬ್ರವರಿ ಒಳಗೆ ಮುಗಿಸಿ, ತಯಾರಿಕೆಯ ಉಳಿದ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ಜಾಣತನ. ಇನ್‌ಕ್ಯುಬೇಟರ್ ನೆಚ್ಚಿಕೊಂಡವರು ಕರೆಂಟ್ ಹೋದಾಗ ಏನು ಅಂತ ಮೊದಲೇ ಯೋಚಿಸಿ. ದಪ್ಪ ಗೋಡೆಯ ಕತ್ತಲೆ ಕೋಣೆ ಅದಕ್ಕಿಂತ ನಂಬಿಕೆಯದು.

ವಿಷಯದ ಹೆಸರು ಬರೆದು ಕೊಡುವ ಮುನ್ನ ಒಂದು ಕೆಲಸ ಮಾಡಿ. ಬಾಟನಿ ಡಿಪಾರ್ಟ್‌ಮೆಂಟಿನಲ್ಲಿ ಕೊಂಡಿಟ್ಟ ಐಬಿಎ ಅಥವಾ ಕೈನೆಟಿನ್ ಬಾಟಲಿ ಇರುತ್ತದೆ. ಏನನ್ನೂ ತಯಾರಿಸದೆ, ಅದರಿಂದಲೇ ನೀವು ಆರಿಸಿದ ಪರೀಕ್ಷೆಯನ್ನು ಒಮ್ಮೆ ಪೂರ್ತಿ ಓಡಿಸಿ. ಸ್ಯಾಲಿಸಿಲಿಕ್ ಆರಿಸಿದವರು ಕಪಾಟಿನ ಸ್ಯಾಲಿಸಿಲಿಕ್ ಆಮ್ಲದಿಂದಲೇ ನೋಡಿ. ನೀರಿನ ಡಿಶ್‌ಗೂ ಇದಕ್ಕೂ ವ್ಯತ್ಯಾಸ ಕಾಣದಿದ್ದರೆ ಮೊದಲು ಬೀಜ ಬದಲಾಯಿಸಿ, ನೀರು ಬದಲಾಯಿಸಿ, ದ್ರಾವಣದ ಮೆಟ್ಟಿಲು ಬದಲಾಯಿಸಿ. ವ್ಯತ್ಯಾಸ ಕಂಡ ದಿನ ಗೈಡ್ ಹತ್ತಿರ ಹೋಗಿ ತಯಾರಿಕೆಗೆ ಬೇಕಾದ ಸಾಮಾನು ಕೇಳಿ.